ನಾಲ್ಕೇ ನಿಮಿಷದಲ್ಲಿ "ಸಾರಿ"!

ಇಲ್ಲಿ ಬರೆಯದೆ ತಿಂಗಳಾಯ್ತು... ಮಳೆ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಅಂತೆಲ್ಲ ನೆಪ ಹೇಳಬಹುದು. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಒಂದು ಈಮೈಲಿನಿಂದ. ನನಗೆ ಬಂದದ್ದಲ್ಲ, ಅಕ್ಕನ ಮಗಳಿಗೆ ಬಂದದ್ದು.

ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ಬುಡದಲ್ಲಿ ಅವಳ ಮನೆ. ಬಿಸಿಎ ಮಾಡಿದ್ದಾಳೆ. ಒಂದು ರಾತ್ರಿ 11:48ಕ್ಕೆ ಬೆಂಗಳೂರಿನ ಕಂಪೆನಿಯೊಂದಕ್ಕೆ ಅರ್ಜಿ ಹಾಕಿದಳು. 11:52ಕ್ಕೆ ಉತ್ತರ. ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ಸಾರಿ, ಅಂತ. ಆ ಹೊತ್ತಿನಲ್ಲಿ ಯಾರು ಕೂತು ಓದಿದರು ಮಾರಾಯ್ರೆ? ಯಾರೂ ಇಲ್ಲ. ಓದಿದ್ದು ತಂತ್ರಾಂಶ.

"ಎಂತ ತಪ್ಪಾಯ್ತು ಅಂತ ಗೊತ್ತಾದ್ರೆ ಸರಿ ಮಾಡ್ಲಿಕ್ಕಿತ್ತು ಮಾವ" ಅಂದಳು. ಕೇಳೋಣವೆಂದರೆ ಆ ವಿಳಾಸಕ್ಕೆ ಮೈಲ್ ಕಳಿಸುವಂತೆಯೇ ಇಲ್ಲ!

ಇಬ್ಬರೂ ಕೂತು ಊಹಿಸಿದೆವು. ಇಂಥ ತಂತ್ರಾಂಶಗಳು ರೆಸ್ಯೂಮೆಯಿಂದ ಪದ ಹೆಕ್ಕಿ, ಕೆಲಸದ ಜಾಹೀರಾತಿನ ಪದಗಳ ಜೊತೆ ಹೋಲಿಸಿ ಅಂಕ ಕೊಡುತ್ತವೆ. ಇವಳದ್ದು ಎರಡು ಕಾಲಮ್ಮಿನ ಚಂದದ ರೆಸ್ಯೂಮೆ. ಯಂತ್ರ ಎರಡನ್ನೂ ಕಲಸಿ ಓದಿತೋ? ಫಾರ್ಮಿನಲ್ಲಿ "ಲಾಸ್ಟ್ ನೇಮ್" ಕಡ್ಡಾಯ. ಇವಳಿಗಿರುವುದು ಬರೀ ಇನಿಶಿಯಲ್. ಹೆಸರನ್ನೇ ಎರಡು ಸಲ ಬರೆದಿದ್ದಳು. ಅದೋ? ಅಥವಾ ಡಿಗ್ರಿ ಆದ ಮೇಲಿನ ಒಂದು ವರ್ಷದ ಗ್ಯಾಪೋ? ಆ ವರ್ಷ ಅಕ್ಕನಿಗೆ ಆಪರೇಶನ್ ಆಗಿತ್ತು. ಹುಡುಗಿ ಮನೆಯಲ್ಲಿ ಅಮ್ಮನನ್ನೂ ನೋಡಿಕೊಂಡು ಬೀಡಿಯನ್ನೂ ಕಟ್ಟಿದಳು. ಅದನ್ನು ತುಂಬಲು ಯಾವ ಕಾಲಮ್ಮೂ ಇಲ್ಲ.

ಹಾಗಂತ ಹಿಂದಿನ ಕಾಲ ಸ್ವರ್ಗವಾಗಿತ್ತು ಅಂತ ನಾನು ಹೇಳುವುದಿಲ್ಲ. ನಮ್ಮ ಬಂಟ್ವಾಳದಿಂದ ಎಷ್ಟೋ ಹುಡುಗರು ಯಾರದ್ದೋ ಚೀಟಿ ಹಿಡಿದುಕೊಂಡು ಬೊಂಬಾಯಿಯ ಹೋಟೆಲುಗಳಿಗೆ ಹೋದರು, ಹಗಲು ದುಡಿದು ನೈಟ್ ಸ್ಕೂಲಿನಲ್ಲಿ ಕಲಿತರು. ಚೀಟಿ ಬರೆದುಕೊಡುವವರು ಇಲ್ಲದವರು? ಊರಲ್ಲೇ ಉಳಿದರು. ಜಾತಿ, ಗುರ್ತ, ವಶೀಲಿ ಎಲ್ಲ ಇತ್ತು. ಯಂತ್ರ ಬಂದರೆ ವಶೀಲಿ ಹೋಗುತ್ತದೆ ಅಂತ ನಾನೂ ಖುಷಿಪಟ್ಟವನೇ.

ಆದರೆ ಯಂತ್ರ ಕಲಿಯುವುದು ನಮ್ಮಿಂದಲೇ ಅಲ್ವಾ? ಅಮೆಜಾನ್ 2014ರಿಂದ ಇಂಥದ್ದೊಂದು ತಂತ್ರಾಂಶ ತಯಾರಿಸುತ್ತಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ಅದಕ್ಕೆ ಉಣಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ರೆಸ್ಯೂಮೆಯಲ್ಲಿ "ಮಹಿಳಾ" ಅನ್ನುವ ಪದ ಕಂಡರೆ ಅದು ಅಂಕ ಕಡಿಮೆ ಮಾಡತೊಡಗಿತು! ಕೊನೆಗೆ ಕೈಬಿಟ್ಟರು, 2018ರಲ್ಲಿ ಸುದ್ದಿಯಾಯ್ತು. ಅಂದರೆ ಹಳೆಯ ವಶೀಲಿಯೇ ಹೊಸ ಅಂಗಿ ಹಾಕಿಕೊಂಡು ಬಂದಿತ್ತು.

ಮೂಡುಬಿದಿರೆಯ "ಆಳ್ವಾಸ್ ಪ್ರಗತಿ" ಉದ್ಯೋಗ ಮೇಳಕ್ಕೆ ಹಿಂದೊಮ್ಮೆ ನೆರೆಮನೆಯ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಉದ್ದದ ಕ್ಯೂ, ಸೆಕೆ. ಅವನಿಗೂ ಕೆಲಸ ಸಿಗಲಿಲ್ಲ. ಆದರೆ ಮೇಜಿನ ಆಚೆ ಕೂತಿದ್ದ ಮೇಡಂ ಅವನ ಮುಖ ನೋಡಿ, "ಅಕೌಂಟ್ಸ್ ಚೆನ್ನಾಗಿದೆ, ಟ್ಯಾಲಿ ಕಲಿತುಕೊಂಡು ಬಾ" ಅಂದರು. ಬಿ.ಸಿ.ರೋಡಿನಲ್ಲಿ ಮೂರು ತಿಂಗಳು ಕಲಿತ. ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೂ ಸಿಕ್ಕಿದ್ದು "ಇಲ್ಲ" ಅನ್ನುವ ಉತ್ತರವೇ, ಆದರೆ ಆ "ಇಲ್ಲ"ದ ಒಳಗೊಂದು ದಾರಿ ಇತ್ತು.

ಒಂದು ಕೆಲಸಕ್ಕೆ ಸಾವಿರಗಟ್ಟಲೆ ಅರ್ಜಿ ಬಂದರೆ ಯಂತ್ರ ಬೇಕು, ಒಪ್ಪಿದೆ. ಆದರೆ ಎರಡು ವಿಷಯ ಕೇಳುವುದು ತಪ್ಪಾ? ತಿರಸ್ಕರಿಸಿದ್ದಕ್ಕೆ ಒಂದು ಸಾಲಿನ ಕಾರಣ. ಮತ್ತೆ, ಒಮ್ಮೆ ನೋಡಿ ಅಂದರೆ ನೋಡಲು ಒಬ್ಬ ಮನುಷ್ಯ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಪ್ರಕಾರ, ಯಂತ್ರವೊಂದೇ ಮಾಡಿದ ಇಂಥ ತೀರ್ಮಾನವನ್ನು ಮನುಷ್ಯರು ನೋಡಲಿ ಅಂತ ಕೇಳುವ ಹಕ್ಕಿದೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ, ಇಂಥ ತಂತ್ರಾಂಶ ಬಳಸುವವರು ಅರ್ಜಿದಾರರಿಗೆ ಮೊದಲೇ ತಿಳಿಸಬೇಕು, ಪಕ್ಷಪಾತ ಇದೆಯೇ ಅಂತ ಹೊರಗಿನವರಿಂದ ತಪಾಸಣೆಯನ್ನೂ ಮಾಡಿಸಬೇಕು. ನಮ್ಮ ಮಕ್ಕಳಿಗೂ ಅಷ್ಟಾದರೂ ಬೇಡವಾ?

ಅಕ್ಕನ ಮಗಳು ಈಗ ರೆಸ್ಯೂಮೆಯನ್ನು ಒಂದೇ ಕಾಲಮ್ಮಿಗೆ ಇಳಿಸಿದ್ದಾಳೆ. ಆ ಒಂದು ವರ್ಷದ ಬಗ್ಗೆ ಏನು ಬರೆಯಲಿ ಅಂತ ಕೇಳಿದಳು. ಇದ್ದದ್ದನ್ನೇ ಬರಿ ಅಂದೆ. ಸರಿಯಾಗಿ ಹೇಳಿದೆನೋ ಇಲ್ಲವೋ... ನಿಮ್ಮಲ್ಲಿ ಎಚ್.ಆರ್. ಕೆಲಸದಲ್ಲಿ ಇರುವವರು ಇದ್ದರೆ ದಯವಿಟ್ಟು ಹೇಳಿ. ಅವಳಿಗೆ ತೋರಿಸುತ್ತೇನೆ.