ಸೂಜಿ ಚುಚ್ಚಿಸಿಕೊಳ್ಳಿ, ಕಾಲಿಗೂ ಕೆಲಸ ಕೊಡಿ

ಮಗಳ ಬಾಣಂತನಕ್ಕೆಂದು ಊರಿನಿಂದ ಮೆಲ್ಬರ್ನ್‌ಗೆ ಬರುವ ತಾಯಂದಿರಲ್ಲಿ ಹಲವರು ಎರಡು ಮೂರು ತಿಂಗಳಾಗುವಷ್ಟರಲ್ಲಿ ನನ್ನ ಬಳಿ ಬರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: "ಈ ಮಗ್ಗುಲಾಗಿ ಮಲಗೋಕೇ ಆಗಲ್ಲಮ್ಮ. ಮೆಟ್ಲು ಹತ್ತುವಾಗ ಇಲ್ಲಿ ಹಿಡ್ಕೊಳುತ್ತೆ." ಅವರು ಕೈಯಿಡುವುದು ಸೊಂಟದ ಹೊರಬದಿಗೆ, ತೊಡೆ ಶುರುವಾಗುವಲ್ಲಿ ಉಬ್ಬಿಕೊಂಡಿರುವ ಮೂಳೆಯ ಮೇಲೆ. ನಾನು ದಾವಣಗೆರೆಯವಳು, ಇಲ್ಲಿ ಫಿಸಿಯೋಥೆರಪಿಸ್ಟ್. ಪಕ್ಕದ ಕೋಣೆಯಲ್ಲಿ ಚೀನೀ ವೈದ್ಯಪದ್ಧತಿ ಕಲಿತು ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ಕೊಡುವ ಸಹೋದ್ಯೋಗಿಯೊಬ್ಬರಿದ್ದಾರೆ. ಈ ನೋವಿನವರು ನಮ್ಮಿಬ್ಬರ ಕೋಣೆಗಳ ನಡುವೆ ಓಡಾಡುತ್ತಲೇ ಇರುತ್ತಾರೆ. ಸೂಜಿಯಿಂದಲೇ ಎಲ್ಲ ವಾಸಿಯಾಗುತ್ತದೆ ಎನ್ನುವವರ ಮಾತೂ, ಸೂಜಿಯೆಂದರೆ ಬರೀ ಮೋಸ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ.

ಊರಿನಲ್ಲಿ ಇದನ್ನು ಸಯಾಟಿಕಾ ಅಂತಲೋ ವಾಯು ಅಂತಲೋ ಹೇಳಿ ಕಳಿಸಿರುತ್ತಾರೆ. ಹಿಂದೆ ವೈದ್ಯರು ಬರ್ಸೈಟಿಸ್ ಎನ್ನುತ್ತಿದ್ದರು, ಅಂದರೆ ಮೂಳೆಯ ಮೇಲಿನ ನೀರಿನ ಚೀಲದ ಊತ. ಸ್ಕ್ಯಾನ್‌ಗಳು ಬಂದ ಮೇಲೆ ಗೊತ್ತಾದದ್ದೇನೆಂದರೆ, ಬಹುಪಾಲು ಜನರಲ್ಲಿ ಕೆಟ್ಟಿರುವುದು ಪಿರ್ರೆಯ ಸ್ನಾಯುಗಳು ಆ ಮೂಳೆಗೆ ಅಂಟಿಕೊಳ್ಳುವ ಸ್ನಾಯುರಜ್ಜು. ನಲವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದೇ ಕಾಲಿಗೆ ಭಾರ ಹಾಕಿ ನಿಂತ ಅಜ್ಜಿಯನ್ನು ನೋಡಿ. ಸೊಂಟ ಹೊರಗೆ ತಳ್ಳಿಕೊಂಡಿರುತ್ತದೆ, ಆ ರಜ್ಜು ಮೂಳೆಗೆ ಒತ್ತಿಕೊಂಡು ನಜ್ಜುತ್ತಿರುತ್ತದೆ. ರಾತ್ರಿ ಅದೇ ಮಗ್ಗುಲಲ್ಲಿ ಮಲಗಿದರೆ ಮತ್ತೆ ಒತ್ತಡ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರೂ ಅದೇ.

ನನ್ನ ಸಹೋದ್ಯೋಗಿ ಸೂಜಿ ಹಾಕುವುದನ್ನು ಹತ್ತಿರದಿಂದ ನೋಡಿದ್ದೇನೆ. ನೋವಿರುವ ಬದಿ ಮೇಲೆ ಬರುವಂತೆ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬಿಡುತ್ತಾರೆ. ಉಬ್ಬಿದ ಮೂಳೆಯಿಂದ ಬೆನ್ನಿನ ಬುಡದವರೆಗೆ ಮನಸ್ಸಿನಲ್ಲೇ ಗೆರೆ ಎಳೆದು, ಅದನ್ನು ಮೂರು ಪಾಲು ಮಾಡಿ, ಮೂಳೆಯ ಕಡೆಯ ಪಾಲು ಮುಗಿಯುವಲ್ಲಿ ಬೆರಳೊತ್ತುತ್ತಾರೆ. ಚೀನೀ ಶಾಸ್ತ್ರದಲ್ಲಿ ಅದು ಹುವಾನ್‌ಟಿಯಾವೊ ಎಂಬ ಬಿಂದು. ತಲೆಯಿಂದ ದೇಹದ ಪಕ್ಕದುದ್ದಕ್ಕೂ ಪಾದಕ್ಕಿಳಿಯುವ ಪಿತ್ತಕೋಶದ ನಾಳದ ಮೇಲಿದೆ. ಮಾಂಸ ದಪ್ಪವಿರುವ ಜಾಗ, ಕೆಳಗೆ ಸಯಾಟಿಕ್ ನರ. ಹಾಗಾಗಿ ಅಂಗರಚನೆ ಓದದವರು ಅಲ್ಲಿ ಉದ್ದದ ಸೂಜಿ ಹಿಡಿಯಬಾರದು. ಸೂಜಿಯ ದಪ್ಪ ಸುಮಾರು ಕಾಲು ಮಿಲಿಮೀಟರ್. ಚುಚ್ಚಿದ್ದಕ್ಕಿಂತ ಆಮೇಲೆ ಒಳಗೆ ಹರಡುವ ಭಾರ, ಜೋಮು ಹಿಡಿದಂಥ ಮಂದ ನೋವೇ ಹೆಚ್ಚು ಗೊತ್ತಾಗುತ್ತದೆ. ಇಪ್ಪತ್ತು ನಿಮಿಷ ಕಳೆದು ಏಳುವಾಗ ಕೆಲವರ ಮುಖವೇ ಬೇರೆಯಾಗಿರುತ್ತದೆ. "ನಿನ್ನೆ ರಾತ್ರಿ ನಿದ್ದೆ ಬಂತು" ಅಂತ ಮರುದಿನ ಫೋನ್ ಮಾಡುವವರಿದ್ದಾರೆ. ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಅದು ಸಣ್ಣ ವಿಷಯವಲ್ಲ.

ಹಾಗಾದರೆ ನಾಳ, ಬಿಂದುಗಳ ಲೆಕ್ಕ ನಿಜವೇ? ಜರ್ಮನಿಯಲ್ಲಿ ಬೆನ್ನುನೋವಿನ 1,162 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರದ ಪ್ರಕಾರ ಸೂಜಿ ಹಾಕಿಸಿಕೊಂಡವರಲ್ಲಿ ಶೇ 47.6 ಜನರಿಗೆ ಗುಣ ಕಂಡಿತು. ಬಿಂದುಗಳನ್ನು ಬಿಟ್ಟು ಎಲ್ಲೋ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ವ್ಯಾಯಾಮದ ರೂಢಿಯ ಚಿಕಿತ್ಸೆಯಲ್ಲಿ ಶೇ 27.4. ಬಿಂದುವಿನ ನಕ್ಷೆಗೆ ಅಷ್ಟೇನೂ ಬೆಲೆಯಿಲ್ಲ, ಆದರೆ ಸಿಗುವ ಉಪಶಮನ ಸುಳ್ಳಲ್ಲ ಎಂದೇ ನಾನು ಇದನ್ನು ಓದುತ್ತೇನೆ. ಇದು ಬೆನ್ನಿನ ಲೆಕ್ಕ. ಸೊಂಟದ ಹೊರಬದಿಯ ನೋವಿಗೆ ಸೂಜಿಯ ಅಷ್ಟು ದೊಡ್ಡ ಪ್ರಯೋಗ ನಡೆದಿಲ್ಲ.

ಆದರೆ ಇದೇ ನೋವಿಗೆ ಮೆಲ್ಬರ್ನ್ ಮತ್ತು ಬ್ರಿಸ್ಬೇನ್‌ನಲ್ಲಿ 204 ಜನರ ಮೇಲೆ ಬೇರೊಂದು ಅಧ್ಯಯನ ನಡೆದು, 2018ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೇಗೆ ನಿಲ್ಲಬೇಕು, ಹೇಗೆ ಮಲಗಬೇಕು ಎಂದು ಹೇಳಿಕೊಟ್ಟು ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಎಂಟು ವಾರಕ್ಕೆ ಶೇ 77 ಜನ ಸುಧಾರಿಸಿದರು. ಸ್ಟಿರಾಯ್ಡ್ ಇಂಜೆಕ್ಷನ್ ಪಡೆದವರಲ್ಲಿ ಶೇ 58, ಸುಮ್ಮನೆ ಕಾದವರಲ್ಲಿ ಶೇ 29. ವರ್ಷದ ನಂತರವೂ ವ್ಯಾಯಾಮದವರೇ ಮುಂದಿದ್ದರು. ದುರ್ಬಲವಾದ ರಜ್ಜು ಗಟ್ಟಿಯಾಗುವುದು ಅದರ ಮೇಲೆ ಹದವಾಗಿ, ಹಂತಹಂತವಾಗಿ ತುಸು ಹೆಚ್ಚು ಭಾರ ಬಿದ್ದಾಗ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ನಿಧಾನವಾಗಿ ಏಳುವುದು ಕೂರುವುದು, ಪಕ್ಕಕ್ಕೆ ಹೆಜ್ಜೆಯಿಡುವುದು, ಇಷ್ಟೇ. ಆ ಕೆಲಸವನ್ನು ಯಾವ ಸೂಜಿಯೂ ಮಾಡಲಾರದು. ವ್ಯಾಯಾಮದ ಹತ್ತಿರಕ್ಕೂ ಬಿಡದಷ್ಟು ನೋವಿರುವವರಿಗೆ ಸೂಜಿ ದಾರಿ ಬಿಡಿಸಿಕೊಡಬಹುದು. ಅದಕ್ಕೇ ನಾನು ಪಕ್ಕದ ಕೋಣೆಗೆ ಕಳಿಸುತ್ತೇನೆ, ಮತ್ತೆ ನನ್ನ ಕೋಣೆಗೆ ಬರಲೇಬೇಕೆಂದು ಪಟ್ಟು ಹಿಡಿಯುತ್ತೇನೆ.

ಸೂಜಿಗೆ ಹೂಂ ಎಂದಷ್ಟು ಸುಲಭವಾಗಿ ಪುಡಿ, ಕಷಾಯಗಳಿಗೆ ಹೂಂ ಎನ್ನಲಾರೆ. ಚೀನೀ ಔಷಧಿಗಳಲ್ಲಿ ಕೀಲು ನೋವಿಗೆ ಕೊಡುವ ಫುಜಿ ನಮ್ಮ ವತ್ಸನಾಭಿಯ ಬಳಗದ ಬೇರು. ಸರಿಯಾಗಿ ಸಂಸ್ಕರಿಸದಿದ್ದರೆ ಎದೆಬಡಿತವನ್ನೇ ತಪ್ಪಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಸೇರಿ, ನೂರಕ್ಕೂ ಹೆಚ್ಚು ಜನರ, ಹೆಚ್ಚಿನಂಶ ಹೆಂಗಸರ, ಮೂತ್ರಪಿಂಡ ಹಾಳಾಯಿತು. ನಮ್ಮ ತಾಯಂದಿರಲ್ಲಿ ಎಷ್ಟೋ ಜನ ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿರುತ್ತಾರೆ. ಹೆಸರು ಬರೆಯದ ಪೊಟ್ಟಣವನ್ನು ಯಾರೇ ಕೊಟ್ಟರೂ ಬಾಯಿಗೆ ಹಾಕಬೇಡಿ.

ಇಲ್ಲಿ ಚೀನೀ ವೈದ್ಯರ ಹೆಸರನ್ನು ಸರ್ಕಾರಿ ನೋಂದಣಿಯಲ್ಲಿ ಯಾರು ಬೇಕಾದರೂ ಹುಡುಕಬಹುದು. ವಿಕ್ಟೋರಿಯಾ ರಾಜ್ಯ 2000ದಲ್ಲೇ ಇದಕ್ಕೆ ಕಾನೂನು ಮಾಡಿತು, 2012ರಿಂದ ನೋಂದಣಿ ಇಡೀ ಆಸ್ಟ್ರೇಲಿಯಾಕ್ಕೆ ಬಂತು. ಭಾರತಕ್ಕೂ ಈ ಸೂಜಿಯ ವಿದ್ಯೆ ಹೊಸದಲ್ಲ. 1938ರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸರೊಂದಿಗೆ ಚೀನಾಕ್ಕೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಕಲಿತು ಅದನ್ನು ಕಲ್ಕತ್ತೆಗೆ ತಂದರು. ಪಶ್ಚಿಮ ಬಂಗಾಳ 1996ರಲ್ಲಿ ಕಾನೂನು ಮಾಡಿತು, ಕೇಂದ್ರ ಸರ್ಕಾರ 2019ರಲ್ಲಿ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲೂ ಶಿಬಿರದ ಬ್ಯಾನರ್ ನೋಡಿ ಒಳಗೆ ಹೋಗುವ ಮುನ್ನ, ಸೂಜಿ ಹಿಡಿದವರ ಓದು ಏನು, ಯಾವ ನೋಂದಣಿಯಿದೆ ಎಂದು ಜನ ಕೇಳಬೇಕು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಲಿ, ಬಳಸಿದ್ದನ್ನು ಅಲ್ಲೇ ಬಿಸಾಡಲಿ.

ನೋವು ತೊಡೆಸಂದಿಯಲ್ಲಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ, ಕಾಲೂರಲು ಆಗದಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಸ್ಟಿರಾಯ್ಡ್ ಮಾತ್ರೆಗಳನ್ನು ಬಹಳ ದಿನ ನುಂಗಿದ್ದರೆ ಮೊದಲು ಎಕ್ಸ್‌ರೇ, ಮೂಳೆ ವೈದ್ಯರು. ಅದೇನೂ ಇಲ್ಲದೆ ಬರೀ ಹೊರಬದಿಯ ನೋವಾದರೆ ಸೂಜಿ ಹಾಕಿಸಿಕೊಂಡು ನೋಡಿ. ಐದಾರು ಸಲ ಹಾಕಿಸಿಕೊಂಡ ಮೇಲೂ ನಿದ್ದೆ, ಮೆಟ್ಟಿಲು ಎರಡರಲ್ಲೂ ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಮುಂಗಡ ಕಟ್ಟಿಸಿಕೊಳ್ಳುವ ಪ್ಯಾಕೇಜಿಗೆ ಒಪ್ಪಬೇಡಿ. ಆ ದುಡ್ಡು ವ್ಯಾಯಾಮ ಕಲಿಸುವವರಿಗೆ ಹೋಗಲಿ.