ಜಿಪಿಯುಗೆ ಜ್ವರ, ಸಿಪಿಯುಗೆ ಥರ್ಮಾಮೀಟರ್

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಗಾದೆ ಗೊತ್ತಲ್ಲ? ನಮ್ಮ ಹಾಸ್ಟೆಲ್ ರೂಮಿನ ಪಿಸಿಯಲ್ಲಿ ಎರಡು ತಿಂಗಳು ನಡೆದದ್ದು ಹೆಚ್ಚುಕಮ್ಮಿ ಅದೇ.

ನಾವು ನಾಲ್ಕು ಜನ ದುಡ್ಡು ಹಾಕಿ ಸೀನಿಯರ್ ಒಬ್ಬರಿಂದ ಹಳೇ ಗ್ರಾಫಿಕ್ಸ್ ಕಾರ್ಡ್ ತಗೊಂಡ್ವಿ. ಸಂಜೆ ಗೇಮು, ರಾತ್ರಿ ಮಿನಿ ಪ್ರಾಜೆಕ್ಟಿನ ಮಾಡೆಲ್ ಟ್ರೇನಿಂಗ್. ಏಪ್ರಿಲ್ ಬಂತು ನೋಡಿ, ಕಾರ್ಡು 84 ಡಿಗ್ರಿ ಮುಟ್ಟಿ, ಕ್ಲಾಕ್ ವೇಗ ತಾನಾಗೇ ಇಳಿಯತೊಡಗಿತು. ಬೆಳಗಾಗೋದ್ರಲ್ಲಿ ಮುಗಿಯಬೇಕಾದ ಟ್ರೇನಿಂಗ್ ಮೊದಲ ಕ್ಲಾಸ್ ಮುಗಿದರೂ ಮುಗೀತಿರಲಿಲ್ಲ. ಸಿಟ್ಟಲ್ಲಿ "ಹಾಳಾದ ಕಾರ್ಡ್ ಕೊಟ್ಟಿದೀರ, ದುಡ್ಡು ವಾಪಸ್ ಕೊಡಿ ಅಣ್ಣ" ಅಂತ ಮೆಸೇಜ್ ಕಳಿಸಿಬಿಟ್ವಿ. ಅವರು ಬೈಯಲಿಲ್ಲ. "ಸೈಡ್ ಪ್ಯಾನೆಲ್ ತೆಗೆದು ನೋಡಿದ್ರೇನ್ರೋ?" ಅಂತ ಮಾತ್ರ ಕೇಳಿದರು.

ತೆಗೆದ್ವಿ. ಹತ್ತೇ ನಿಮಿಷದಲ್ಲಿ 76 ಡಿಗ್ರಿ! ಕಾರ್ಡ್ ಚೆನ್ನಾಗೇ ಇತ್ತು, ಬಿಸಿ ಗಾಳಿಗೆ ಹೊರಗೆ ಹೋಗೋ ದಾರಿ ಇರಲಿಲ್ಲ ಅಷ್ಟೇ. ಮುಂದಿನ ಎರಡು, ಹಿಂದಿನ ಒಂದು ಕೇಸ್ ಫ್ಯಾನ್ 600 ಆರ್‌ಪಿಎಂನಲ್ಲಿ ಆರಾಮಾಗಿ ಸುತ್ತುತ್ತಿದ್ದವು. ಯಾಕಂದ್ರೆ ಅವು ಮದರ್‌ಬೋರ್ಡಿನ ಮಾತು ಕೇಳ್ತವೆ. ಮದರ್‌ಬೋರ್ಡು ಸಾಮಾನ್ಯವಾಗಿ ನೋಡೋದು ಸಿಪಿಯು ತಾಪಮಾನವನ್ನು. ಟ್ರೇನಿಂಗ್ ನಡೆಯುವಾಗ ನಮ್ಮ ಸಿಪಿಯು 50ರ ಆಸುಪಾಸಲ್ಲಿ ತಣ್ಣಗಿತ್ತು. ಬೋರ್ಡಿನ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ಇತ್ತು!

ಕಾರ್ಡಿಗೆ ಅದರದೇ ಫ್ಯಾನ್ ಇರುತ್ತಲ್ಲ ಅಂತ ಕೇಳಬಹುದು. ಇರುತ್ತೆ. ಆದರೆ ಬಹುತೇಕ ಕಾರ್ಡುಗಳಲ್ಲಿ ಅದು ಹೀಟ್‌ಸಿಂಕಿನ ಬಿಸಿಯನ್ನು ಕೇಸಿನೊಳಗೇ ಚೆಲ್ಲುತ್ತದೆ. ಅದನ್ನು ಹೊರಹಾಕದಿದ್ದರೆ ಕಾರ್ಡು ತಾನೇ ಬಿಟ್ಟ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಒಳಗೆಳೆಯುವ ಗಾಳಿ ಐದು ಡಿಗ್ರಿ ಹೆಚ್ಚಾದರೆ ಕಾರ್ಡೂ ಸುಮಾರು ಅಷ್ಟೇ ಏರುತ್ತದೆ.

ಆದ್ದರಿಂದ ನಮ್ಮ ವಾದ ಇಷ್ಟೇ: ಕೇಸ್ ಫ್ಯಾನ್ ಸಿಪಿಯು, ಜಿಪಿಯು ಎರಡರಲ್ಲಿ ಯಾರಿಗೆ ಹೆಚ್ಚು ಗಾಳಿ ಬೇಕೋ ಅವರ ಮಾತು ಕೇಳಬೇಕು. ಹಲವು ಬೋರ್ಡುಗಳ ಬಯೋಸ್‌ನಲ್ಲಿ ಜಿಪಿಯು ಅನ್ನೋ ಆಯ್ಕೆಯೇ ಇಲ್ಲ, ಹಾಗಾಗಿ ಸಾಫ್ಟ್‌ವೇರ್ ಬೇಕು. ವಿಂಡೋಸ್‌ನಲ್ಲಿ 'ಫ್ಯಾನ್ ಕಂಟ್ರೋಲ್' ಉಚಿತವಾಗಿ ಸಿಗುತ್ತದೆ. ಸಿಪಿಯುಗೊಂದು, ಜಿಪಿಯುಗೊಂದು ಕರ್ವ್ ಮಾಡಿ, 'ಮಿಕ್ಸ್'ನಲ್ಲಿ 'ಮ್ಯಾಕ್ಸ್' ಆರಿಸಿದರೆ ಆಯ್ತು. ಲಿನಕ್ಸ್‌ನಲ್ಲಿ 'ಕೂಲರ್‌ಕಂಟ್ರೋಲ್' ಇದೆ. ನಮ್ಮ ಜಿಪಿಯು ಕರ್ವ್: 50 ಡಿಗ್ರಿಗೆ 35%, 70ಕ್ಕೆ 60%, 80ಕ್ಕೆ 85%. ಜೊತೆಗೆ 3 ಡಿಗ್ರಿ ಹಿಸ್ಟರಿಸಿಸ್ ಇಟ್ಟಿದ್ದೀವಿ, ಇಲ್ಲದಿದ್ದರೆ ಫ್ಯಾನ್ ನಿಮಿಷಕ್ಕೊಮ್ಮೆ ಜೋರಾಗಿ, ಮತ್ತೆ ಮೆತ್ತಗಾಗಿ ತಲೆ ಕೆಡಿಸುತ್ತೆ.

"ಇಷ್ಟೆಲ್ಲಾ ಯಾಕೆ, 100% ಇಟ್ಟುಬಿಡಿ" ಅಂತ ಪಕ್ಕದ ರೂಮಿನವರು ಹೇಳಿದರು. ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿ ಸುಮಾರು ಎರಡು ಪಟ್ಟಾಗುತ್ತೆ, ಆದರೆ ಅದು ತಿನ್ನೋ ಕರೆಂಟು ಸುಮಾರು ಎಂಟು ಪಟ್ಟು, ಸದ್ದು 15 ಡೆಸಿಬಲ್‌ನಷ್ಟು ಹೆಚ್ಚು. ನಾಳೆ ಇಂಟರ್ನಲ್ಸ್ ಇರೋ ರೂಮ್‌ಮೇಟ್ ಪಕ್ಕದಲ್ಲೇ ಮಲಗಿರ್ತಾನೆ. ಇನ್ನೆರಡು ಫ್ಯಾನ್ ತರೋಣ ಅಂದರೆ, ಅವೂ ಅದೇ ಸಿಪಿಯು ಮಾತು ಕೇಳಿಕೊಂಡು ಮೆಲ್ಲಗೆ ಸುತ್ತುತ್ತವೆ.

ಒಂದು ಆಕ್ಷೇಪಣೆ ಮಾತ್ರ ನ್ಯಾಯವಾದದ್ದು: ರಾತ್ರಿ ಮೂರಕ್ಕೆ ಸಾಫ್ಟ್‌ವೇರ್ ನಿಂತುಹೋದರೆ? ಅದಕ್ಕೇ ಬಯೋಸ್‌ನಲ್ಲೂ ಕನಿಷ್ಠ ವೇಗವನ್ನು ಸ್ವಲ್ಪ ಏರಿಸಿ ಇಟ್ಟಿದ್ದೀವಿ.

ಈಗ ಪ್ಯಾನೆಲ್ ಮುಚ್ಚಿಯೂ ಕಾರ್ಡು 77 ದಾಟಲ್ಲ, ಟ್ರೇನಿಂಗ್ ತಿಂಡಿ ಹೊತ್ತಿಗೆ ಮುಗಿದಿರುತ್ತೆ. ಖರ್ಚು ಸೊನ್ನೆ. ಕಂಟ್ರೋಲ್ ಸಿಸ್ಟಮ್ಸ್ ಇಂಟರ್ನಲ್ಸ್‌ನಲ್ಲಿ ಫೀಡ್‌ಬ್ಯಾಕ್ ಲೂಪಿನ ಚಿತ್ರ ಬರೆದು ಪೂರ್ತಿ ಮಾರ್ಕ್ಸ್ ತಗೊಂಡವರು ನಾವು. ಆದರೆ ನಮ್ಮದೇ ಮೇಜಿನ ಮೇಲಿನ ಲೂಪಿನ ಸೆನ್ಸರ್ ಏನನ್ನು ಅಳೀತಿದೆ ಅಂತ ಎರಡು ತಿಂಗಳು ಕೇಳಲೇ ಇಲ್ಲ.

ಸೀನಿಯರ್‌ಗೆ ಸಾರಿ ಹೇಳಿ ಮಸಾಲೆ ದೋಸೆ ಕೊಡಿಸಿದ್ದೀವಿ. ನಿಮ್ಮ ಪಿಸಿ ಬಿಸಿಯಾದರೆ ಕಾರ್ಡನ್ನೋ, ಮಾರಿದವರನ್ನೋ ಬೈಯೋಕೆ ಮುಂಚೆ ಒಮ್ಮೆ ನೋಡಿ: ಫ್ಯಾನ್ ಯಾರ ಮಾತು ಕೇಳ್ತಿದೆ?