ಅಜ್ಜನ ಸಪ್ಪೆ ಊಟಕ್ಕೆ ಸೀಗಡಿ ಸಾರು

ನಮ್ಮ ಮನೆಯವರಿಗೆ ಬಿಪಿ ಏರಿ, ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದು ನಾವು ಬ್ಯಾಂಕಾಕಿನಲ್ಲಿರುವ ಮಗಳ ಮನೆಗೆ ಹೊರಡುವ ವಾರದ ಮೊದಲು. ಅಲ್ಲಿಗೆ ಹೋದ ಮೇಲೂ ಅದೇ ಕಥೆ. ತಟ್ಟೆಯ ಮುಂದೆ ಕೂರುವುದು, ಎರಡು ತುತ್ತು ತಿನ್ನುವುದು, "ಹಸಿವಿಲ್ಲ" ಎಂದು ಏಳುವುದು. ಹತ್ತು ದಿನದಲ್ಲಿ ಅಂಗಿ ಸಡಿಲವಾಯಿತು. ನನಗೋ ಒಳಗೊಳಗೇ ಭಯ.

ಆರನೇ ಕ್ಲಾಸಿನ ಮೊಮ್ಮಗಳು ನೋಡುತ್ತಲೇ ಇದ್ದಳು. "ಅಜ್ಜೀ, ಇವತ್ತು ಅಜ್ಜನಿಗೆ ತೋಮ್ ಯಮ್ ಕುಂಗ್ ಮಾಡೋಣ. ಹುಳಿ, ಖಾರ ಜೋರಿದ್ರೆ ಉಪ್ಪಿನ ನೆನಪೇ ಆಗಲ್ಲ" ಅಂದಳು. ಥಾಯ್ ಭಾಷೆಯಲ್ಲಿ ತೋಮ್ ಎಂದರೆ ಕುದಿಸುವುದು, ಯಮ್ ಎಂದರೆ ಬೆರೆಸುವುದು, ಕುಂಗ್ ಎಂದರೆ ಸೀಗಡಿ. 2024ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿದ ಸಾರು ಇದು.

ಅರ್ಧ ಕಿಲೋ ಸೀಗಡಿ ತಂದೆವು. ಊರಲ್ಲಾದರೆ ತಲೆ, ಸಿಪ್ಪೆಯೆಲ್ಲ ಬೆಕ್ಕಿನ ಪಾಲು. ಇಲ್ಲಿ ಅದೇ ಮುಖ್ಯ! ಒಂದು ಚಮಚ ಎಣ್ಣೆಯಲ್ಲಿ ಅವನ್ನು ಹುರಿದರೆ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಐದು ಲೋಟ ನೀರು ಹೊಯ್ದು ಹತ್ತು ನಿಮಿಷ ಕುದಿಸಿ ಸೋಸಬೇಕು. ಉಪ್ಪಿನ ಕೊರತೆ ಮರೆಸುವುದು ಈ ನೀರೇ. ಅದಕ್ಕೆ ಜಜ್ಜಿದ ಮಜ್ಜಿಗೆಹುಲ್ಲಿನ ಮೂರು ದಂಟು, ಶುಂಠಿಯ ಅಕ್ಕನಂತಿರುವ ಗಲಾಂಗಲ್‌ನ ಐದಾರು ಬಿಲ್ಲೆ, ನಾಲ್ಕು ನಿಂಬೆ ಎಲೆ, ಒಂದು ಹಿಡಿ ಅಣಬೆ, ಎರಡು ಟೊಮೆಟೊ, ಜೀರಿಗೆ ಮೆಣಸಿನಂಥ ಪುಟ್ಟ ಮೆಣಸು ಮೂರು. ಊರಲ್ಲಿ ಗಲಾಂಗಲ್ ಸಿಗದಿದ್ದರೆ ಶುಂಠಿ ಸಾಕು, ಅರ್ಧದಷ್ಟೇ ಹಾಕಿ. ಮಜ್ಜಿಗೆಹುಲ್ಲು ಹಿತ್ತಲಲ್ಲೇ ಇದ್ದೀತು.

ಅಷ್ಟರಲ್ಲಿ ಮೊಮ್ಮಗಳು ಸೀಗಡಿಯ ಬೆನ್ನು ಸೀಳಿ ಕಪ್ಪು ದಾರ ಎಳೆದಿದ್ದಳು. ಅದು ದಾರವಲ್ಲ ಮಕ್ಕಳೇ, ಸೀಗಡಿಯ ಕರುಳು. ಸೀಗಡಿ ಹಾಕುವುದು ಕೊನೆಗೆ, ಎರಡು ಮೂರು ನಿಮಿಷಕ್ಕೆ ಮಾತ್ರ. ಬೂದು ಸೀಗಡಿ ಕೆಂಪಾಗುವುದು ಯಾಕೆ ಗೊತ್ತೇ? ಕೆಂಪು ಬಣ್ಣ ಅದರ ಮೈಯಲ್ಲಿ ಮೊದಲೇ ಇರುತ್ತದೆ, ಒಂದು ಪ್ರೊಟೀನು ಅದನ್ನು ಅಡಗಿಸಿಟ್ಟಿರುತ್ತದೆ. ಬಿಸಿ ತಾಗಿದಾಗ ಆ ಹಿಡಿತ ಬಿಟ್ಟು ಬಣ್ಣ ಹೊರಗೆ ಬರುತ್ತದೆ. ಅರ್ಧಚಂದ್ರನಂತೆ ಬಾಗಿದರೆ ಬೆಂದಿದೆ ಎಂದರ್ಥ. ಸುತ್ತಿಕೊಂಡು ಉಂಗುರವಾಯಿತೋ, ರಬ್ಬರು! ನಲವತ್ತು ವರ್ಷ ನಾನು ಮನೆಯವರಿಗೆ ಉಂಗುರವನ್ನೇ ಬಡಿಸಿದ್ದೇನೆ, ಪಾಪ.

ಒಲೆ ಆರಿಸಿದ ಮೇಲೆಯೇ ಎರಡು ನಿಂಬೆಹಣ್ಣಿನ ರಸ ಹಿಂಡಬೇಕು, ನಮ್ಮ ನಿಂಬೆ ಸಾರಿನ ಹಾಗೆ. ಕುದಿಸಿದರೆ ಕಹಿ. ಇನ್ನು ನಾಮ್ ಪ್ಲಾ, ಅಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ಅಲ್ಲಿನವರು ಬಾಟಲಿ ಬಗ್ಗಿಸಿಯೇ ಸುರಿಯುತ್ತಾರೆ. ಅದೂ ಉಪ್ಪೇ ತಾನೆ! ನಾನು ನಾಲ್ಕು ಜನಕ್ಕೆ ಎರಡು ಟೀ ಚಮಚ ಅಳೆದು ಹಾಕಿದೆ. ಬೇರೆ ಉಪ್ಪು ಒಂದು ಹರಳೂ ಇಲ್ಲ. (ಸೀಗಡಿ ತಿಂದರೆ ಮೈ ತುರಿಸುವವರು, ಗಂಟಲು ಊದುವವರು ಇದರ ತಂಟೆಗೆ ಹೋಗಬೇಡಿ.)

ಬಿಸಿ ಅನ್ನ, ಬಿಸಿ ಸಾರು. ಇವರು ಮೊದಲ ತುತ್ತು ಬಾಯಿಗಿಟ್ಟು ಕಟುಕಟು ಅಗಿದರು.

"ಇದ್ಯಾವ ಮೂಲಂಗಿಯೇ, ಬೆಂದೇ ಇಲ್ಲ!"

ಮೊಮ್ಮಗಳು ನಕ್ಕೂ ನಕ್ಕೂ ಸುಸ್ತು. "ಅಜ್ಜಾ, ಅದು ಗಲಾಂಗಲ್. ಕರಿಬೇವಿನ ಥರ ಬದಿಗಿಡ್ಬೇಕು."

ಇವರು ಬಿಲ್ಲೆಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಸಾರು ಸುರಿದರು, ಮೂಗು ಒರೆಸಿಕೊಂಡರು, ಮತ್ತೆ ಸುರಿದರು. ಆಮೇಲೆ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು ಅನ್ನ ಹಾಕು ಮಗಾ" ಅಂದರು.